ಬಿಸಿಲಿಗೆ ಕೆಂಪಾಗುವ ಚರ್ಮ, ತೂರಾಡುವ ನಡಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಸಿಲಲ್ಲಿ ಆಡಿ ಬಂದ ಮಗುವಿನ ಕೆನ್ನೆ, ಕುತ್ತಿಗೆ, ಮುಂಗೈ ಕೆಂಪಾಗಿ ಸಿಪ್ಪೆ ಏಳುತ್ತದೆ. ಕೆಲವು ದಿನ ನಡೆಯುವಾಗ ತೂರಾಡುತ್ತದೆ. ಸುಮ್ಸುಮ್ನೆ ಅಳು, ಸಿಡುಕು. ಚರ್ಮಕ್ಕೆ ಒಬ್ಬ ಡಾಕ್ಟರು, ನಡಿಗೆಗೆ ಇನ್ನೊಬ್ಬರು ಅಂತ ಹೆತ್ತವರು ಅಲೆಯುತ್ತಾರೆ. ಇವೆಲ್ಲ ಒಂದೇ ಕಾಯಿಲೆಯಿಂದ ಆಗಿರಬಹುದು ಅಂತ ಯಾರಿಗೆ ಹೊಳೆಯಬೇಕು?

ಅಂಥ ಒಂದು ಕಾಯಿಲೆಯ ಹೆಸರು ಹಾರ್ಟ್‌ನಪ್. 1956ರಲ್ಲಿ ಲಂಡನ್ನಿನ ವೈದ್ಯರು ಇದರ ಬಗ್ಗೆ ಮೊದಲು ಬರೆದರು. ಅವರು ನೋಡಿದ ಕುಟುಂಬದ ಹೆಸರೇ ಕಾಯಿಲೆಗೆ ಉಳಿದುಕೊಂಡಿತು.

ನಾವು ತಿಂದ ಪ್ರೋಟೀನ್ ಅಮೈನೋ ಆಮ್ಲಗಳಾಗಿ ಒಡೆದು, ಸಣ್ಣ ಕರುಳಿನ ಗೋಡೆ ದಾಟಿ ರಕ್ತ ಸೇರಬೇಕು. ಅದಕ್ಕೆ ಬೇರೆ ಬೇರೆ ಬಾಗಿಲುಗಳಿವೆ. ಹಾರ್ಟ್‌ನಪ್ ಇದ್ದವರಲ್ಲಿ ಟ್ರಿಪ್ಟೊಫ್ಯಾನ್ ಮುಂತಾದ ಕೆಲವು ಅಮೈನೋ ಆಮ್ಲಗಳು ದಾಟುವ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಮೂತ್ರಪಿಂಡದಲ್ಲೂ ಇರುವುದು ಅದೇ ಬಾಗಿಲು. ಅಲ್ಲಿ ವಾಪಸ್ ಎಳೆದುಕೊಳ್ಳಬೇಕಾದ್ದು ಮೂತ್ರದಲ್ಲಿ ಹರಿದುಹೋಗುತ್ತದೆ. ಬರುವುದು ಕಡಿಮೆ, ಹೋಗುವುದು ಜಾಸ್ತಿ. ನಮ್ಮ ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ 1 ಮಿಲಿಗ್ರಾಂ ನಯಾಸಿನ್, ಅಂದರೆ ಬಿ3 ವಿಟಮಿನ್ ಮಾಡಿಕೊಳ್ಳುತ್ತದೆ. ಆ ವಿಟಮಿನ್ ಕಮ್ಮಿಯಾದರೆ ಚರ್ಮ ಬಿಸಿಲು ತಡೆಯುವುದಿಲ್ಲ, ನಡಿಗೆಯೂ ತೂರಾಡಬಹುದು.

ಇನ್ನೊಂದು ವಿಷಯ ನನಗೆ ಬಹಳ ಅಚ್ಚರಿ. ಅದೇ ದೋಷ ಇರುವ ಅಣ್ಣನಿಗೆ ಏನೂ ಆಗದೆ, ತಂಗಿ ಮಾತ್ರ ನರಳಬಹುದು. ಎಷ್ಟೋ ಜನರಿಗೆ ಜೀವನಪೂರ್ತಿ ಯಾವ ತೊಂದರೆಯೂ ಕಾಣಿಸುವುದಿಲ್ಲ. ಇದಕ್ಕೆ ಒಂದು ಕಾರಣ ಕರುಳಿನ ಇನ್ನೊಂದು ಬಾಗಿಲು. ಎರಡು ಮೂರು ಅಮೈನೋ ಆಮ್ಲಗಳು ಜೊತೆಯಾಗಿ ಅಂಟಿಕೊಂಡಿದ್ದರೆ ಅವು ಆ ಕಡೆಯಿಂದ ಒಳಗೆ ಬರುತ್ತವೆ. ಪ್ರೋಟೀನ್ ಚೆನ್ನಾಗಿ ತಿನ್ನುವವರಿಗೆ ಈ ದಾರಿಯೇ ಸಾಕಾಗಬಹುದು. ಊಟ ಸೇರದಿದ್ದಾಗ, ಜ್ವರ ಬಂದಾಗ, ಬಿಸಿಲು ಜಾಸ್ತಿಯಾದಾಗ ಕಾಯಿಲೆ ತಲೆ ಎತ್ತುತ್ತದೆ. ಆಮೇಲೆ ತಾನೇ ಇಳಿದೂಬಿಡುತ್ತದೆ. ಅದಕ್ಕೇ ಅಲ್ವಾ, ಪತ್ತೆ ಮಾಡುವುದು ಇಷ್ಟು ಕಷ್ಟ?

ದೋಷವಿರುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರಬೇಕು. 2004ರಲ್ಲಿ ಆ ಜೀನ್ ಯಾವುದೆಂದು ಗೊತ್ತಾಯಿತು. ಹೆತ್ತವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಹಾಗಾಗಿ ತಾಯಂದಿರೇ, ದಯವಿಟ್ಟು ಕೇಳಿ. ನೀವು ಸರಿಯಾಗಿ ಉಣಿಸಲಿಲ್ಲ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಾಯಿಲೆಯ ಬೇರು ಇರುವುದು ಜೀನ್‌ನಲ್ಲಿ.

ಪತ್ತೆಗೆ ಮೂತ್ರದ ಅಮೈನೋ ಆಮ್ಲ ಪರೀಕ್ಷೆ ಇದೆ. ಚಿಕಿತ್ಸೆಗೆ ನಿಕೋಟಿನಮೈಡ್ ಮಾತ್ರೆ (ಬಿ3 ವಿಟಮಿನ್‌ನದೇ ಒಂದು ರೂಪ), ಪ್ರೋಟೀನ್ ಹೆಚ್ಚಿರುವ ಊಟ, ಬಿಸಿಲಿಗೆ ಉದ್ದ ತೋಳಿನ ಬಟ್ಟೆ, ಟೋಪಿ. ಮಾತ್ರೆ ಎಷ್ಟು ಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಚರ್ಮದ ತೊಂದರೆ, ನಡಿಗೆಯ ತೊಂದರೆ ಎರಡೂ ಇದ್ದರೆ ಎರಡನ್ನೂ ಒಬ್ಬರ ಮುಂದೆಯೇ ಹೇಳಿ.

ನಮಸ್ಕಾರ.