ಬೂದಿ ಕೋಳಿ ಬೇಕಾ? ಮೊದಲು ಒಳ್ಳೆ ಕರಿ ಕೋಳಿ ಹುಡುಕಿ

(ದೃಶ್ಯ: ಮಂಡ್ಯದ ಹತ್ತಿರ ಒಂದು ಹಿತ್ತಲು, ಹಿಂದೆ ಕಬ್ಬಿನ ಗದ್ದೆ. ಮಂಕರಿ ಎತ್ತಿದರೆ ಬೂದಿ ಬಣ್ಣದ ಹುಂಜ.)

ನಮಸ್ಕಾರ. ಇವನ ಬಣ್ಣ ನೋಡಿ. ಒಲೆ ಬೂದಿಯಲ್ಲಿ ಹೊರಳಿ ಬಂದ ಹಾಗಿದ್ದಾನೆ, ಅಲ್ವಾ? ಸಿಕ್ಕವರೆಲ್ಲ ಕೇಳುವುದು ಒಂದೇ: "ಅಣ್ಣಾ, ಇವನಿಗೆ ಬೂದಿ ಹೇಂಟೆ ಜೋಡಿ ಮಾಡಿದ್ರೆ ಮರಿಯೆಲ್ಲಾ ಬೂದಿನೇ ಆಗ್ತವಾ?"

ಆಗಲ್ಲ. ಸುಮಾರು ಅರ್ಧ ಮಾತ್ರ ಬೂದಿ. ಕಾಲು ಭಾಗ ಕರಿ. ಇನ್ನು ಕಾಲು ಭಾಗ ಬೆಳ್ಳಗಿದ್ದು, ಅಲ್ಲಲ್ಲಿ ಬೂದಿ ಎರಚಿದ ಹಾಗೆ ಕಾಣುತ್ತವೆ. ಇವಕ್ಕೆ ಸ್ಪ್ಲ್ಯಾಶ್ ಅಂತಾರೆ. ಕರಿ ಬಣ್ಣವನ್ನು ತಿಳಿ ಮಾಡುವ ಜೀನ್ ಒಂದಿದೆ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೆ ಬೂದಿ. ಇಬ್ಬರಿಂದಲೂ ಬಂದರೆ ಸ್ಪ್ಲ್ಯಾಶ್.

ಮಜಾ ಇರೋದು ಇಲ್ಲಿ. ಸ್ಪ್ಲ್ಯಾಶ್ ಹುಂಜವನ್ನು ಕರಿ ಹೇಂಟೆಗೆ ಬಿಟ್ಟರೆ ಮರಿಯೆಲ್ಲಾ ಬೂದಿ! ಹಾಗಾಗಿ ಚೆನ್ನಾಗಿಲ್ಲ ಅಂತ ಸ್ಪ್ಲ್ಯಾಶನ್ನು ಸಾರಿಗೆ ಹಾಕಬೇಡಿ. ಈ ಜೀನ್ ಕೆಲಸ ಮಾಡುವುದು ಕರಿ ಬಣ್ಣದ ಮೇಲೆ ಮಾತ್ರ. ಕೆಂಪು ಪುಕ್ಕ ಕೆಂಪಾಗಿಯೇ ಉಳಿಯುತ್ತದೆ. ಕೆಂಪು ಹೇಂಟೆ ಇಟ್ಟುಕೊಂಡು ಅಪ್ಪಟ ಬೂದಿಯ ಕನಸು ಕಾಣಬೇಡಿ.

ಮೈಕಟ್ಟಿಗೆ ಇಂಥ ಸುಲಭದ ಲೆಕ್ಕ ಇಲ್ಲ. ಅಲ್ಲಿ ಎಷ್ಟೋ ಜೀನ್‌ಗಳು ಸೇರಿಕೊಂಡಿರುತ್ತವೆ. ಕಾಳಗಕ್ಕೆ ಹೆಸರಾದ ಗಟ್ಟಿಮುಟ್ಟು ತಳಿ ಅಸೀಲ್‌ನ ಹುಂಜ, ನಾಟಿ ಹೇಂಟೆ ಸೇರಿದರೆ ಮೊದಲ ಮರಿಗಳು ಹೆಚ್ಚು ಕಡಿಮೆ ಇಬ್ಬರ ನಡುವೆ ನಿಲ್ಲುತ್ತವೆ. ಆ ಮರಿಗಳ ಮರಿ ನೋಡಬೇಕು! ಒಂದಕ್ಕೆ ತಾತನ ಎದೆ, ಇನ್ನೊಂದಕ್ಕೆ ಅಜ್ಜಿಯ ಕಾಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆದು ಬಂದ ಗಿರಿರಾಜ ಕೂಡ ಮಿಶ್ರತಳಿಯೇ. ಅದರ ಮರಿಗಳೂ ಅದರಂತೆಯೇ ಇರುತ್ತವೆ ಅಂತ ನಂಬಬೇಡಿ.

ಅದಕ್ಕೇ ನಾನು ಮೈಕಟ್ಟು ಮೊದಲು ನೋಡುತ್ತೇನೆ, ಬಣ್ಣ ಆಮೇಲೆ. ಕರಿ ಅಸೀಲ್, ಕರಿ ನಾಟಿ. ಎರಡು ತಲೆಮಾರು ಬರೀ ತೂಕ, ಎದೆ ಅಗಲ, ಕಾಲಿನ ನಿಲುವು. ತಕ್ಕಡಿಗಿಂತ ಕೈ ಮೇಲೆ ನನಗೆ ನಂಬಿಕೆ ಜಾಸ್ತಿ: ಎದೆಮೂಳೆಯ ಎರಡೂ ಪಕ್ಕ ಮಾಂಸ ತುಂಬಿರಬೇಕು. ಆಮೇಲೆ ಒಂದು ಸಲ ಸ್ಪ್ಲ್ಯಾಶ್ ಹುಂಜ. ಅವನ ಮೈಕಟ್ಟು ಸಾಧಾರಣ ಆಗಿದ್ದರೆ ಮರಿಗಳ ಎದೆಯೂ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಆ ಬೂದಿ ಮರಿಗಳು ದೊಡ್ಡವಾದ ಮೇಲೆ ಮತ್ತೆ ನನ್ನ ಒಳ್ಳೆ ಕರಿ ಕೋಳಿಗಳಿಗೇ ಜೋಡಿ. ಈ ಜೋಡಿಯ ಮರಿಗಳಲ್ಲಿ ಸುಮಾರು ಅರ್ಧ ಬೂದಿ, ಅರ್ಧ ಕರಿ.

(ಪರದೆ ಮೇಲೆ: 20 ಮರಿ → 10 ಬೂದಿ → 5 ಹುಂಜ)

ಆ ಐದರಲ್ಲಿ ಎದೆ ಚೆನ್ನಾಗಿರುವುದು ಒಂದೋ ಎರಡೋ. ಒಂದು ಹೇಂಟೆ ಕಾವಿಗೆ ಕೂತರೆ ಇಷ್ಟು ಮರಿ ಸಿಗುವುದಿಲ್ಲ. ಎರಡು ಮೂರನ್ನು ಒಟ್ಟಿಗೆ ಕೂರಿಸಬೇಕು.

ಈಗ ನನ್ನ ಪೆದ್ದುತನ. ಹೋದ ವರ್ಷ ಬೋಳು ಕುತ್ತಿಗೆಯ ಹುಂಜವನ್ನು ಮಾರಿ, ಮಾರನೇ ದಿನವೇ ಹೊಸ ಹುಂಜ ಬಿಟ್ಟೆ. ವಾರದೊಳಗೆ ಮೊಟ್ಟೆ ಕಾವಿಗಿಟ್ಟೆ. 21 ದಿನ ಆದ ಮೇಲೆ ನೋಡಿದರೆ ನಾಲ್ಕು ಮರಿಗೆ ಬೋಳು ಕುತ್ತಿಗೆ! ಹುಂಜ ಹೋದ ಮೇಲೂ ಅದರ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಬೋಳು ಕುತ್ತಿಗೆಯ ಜೀನ್ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಎದ್ದು ಕಾಣುವಂಥದ್ದು, ಅದಕ್ಕೆ ಗೊತ್ತಾಯಿತು. ಬರೀ ಮೈಕಟ್ಟಿನ ವ್ಯತ್ಯಾಸ ಆಗಿದ್ದರೆ ಆ ಮರಿಗಳನ್ನೇ ತಳಿಗೆ ಇಟ್ಟುಕೊಳ್ಳುತ್ತಿದ್ದೆ. ಈಗ ಹುಂಜ ಬದಲಾಯಿಸಿದರೆ ಮೊದಲ ಮೂರು ವಾರ ಇಟ್ಟ ಮೊಟ್ಟೆಯೆಲ್ಲಾ ನೇರ ಆಮ್ಲೆಟ್‌ಗೆ.

(ದೃಶ್ಯ: ಬೋಳು ಕುತ್ತಿಗೆಯ ಹೇಂಟೆ ಕ್ಯಾಮೆರಾ ಮುಂದೆ ಹಾದು ಹೋಗುತ್ತದೆ.)

ಹಾಂ, ಆ ನಾಲ್ಕರಲ್ಲಿ ಇವಳೂ ಒಬ್ಬಳು. ಮಾರಲು ಮನಸ್ಸು ಬರಲಿಲ್ಲ.