ಬೋಲ್ಟ್ ಒರೆಸುವ ಮೊದಲು

ನಮಸ್ಕಾರ. ಪುಣೆ ಪಕ್ಕದ ಭೋಸರಿ, ಪಿಂಪ್ರಿ, ಚಿಂಚವಾಡದ ಕಡೆ ಪಾಳಿಗೆ ಹೊರಟವರಿಗೆ, ರಾತ್ರಿಯೆಲ್ಲ ಗಾಡಿ ಓಡಿಸಿ ಈಗ ಚಹಾ ಕುಡಿಯುತ್ತ ಕೂತವರಿಗೆ, ಕಾರು ಯಾರೇ ಓಡಿಸಿದರೂ ಸರ್ವಿಸ್ ಬಿಲ್ಲು ಮಾತ್ರ ತಮ್ಮ ಕೈಗೇ ಬರುವ ಅಕ್ಕಂದಿರಿಗೆ, ಎಲ್ಲರಿಗೂ. ರೇಡಿಯೋದಲ್ಲಿ ನನಗೆ ಕೊಟ್ಟಿರುವುದು ಏಳು ನಿಮಿಷ. ವಿಷಯ, ಇಂಜಿನ್ ಆಯಿಲ್‌ನಲ್ಲಿ ಮ್ಯಾಗ್ನೆಟ್. ಹೇಳುವ ಮಾತು ಒಂದೇ, ಈಗಲೇ ಹೇಳಿಬಿಡುತ್ತೇನೆ. ಬೋಲ್ಟ್ ಒರೆಸುವ ಮೊದಲು ನೋಡಿ.

ಯಾವ ಬೋಲ್ಟ್? ಇಂಜಿನ್ ತಳದಲ್ಲಿ ಆಯಿಲ್ ಚೇಂಬರ್ ಇರುತ್ತದೆ. ಅದರ ಅಡಿಯಲ್ಲಿ ಒಂದು ಬೋಲ್ಟ್. ಬಿಚ್ಚಿದರೆ ಹಳೇ ಆಯಿಲ್ ಇಳಿದುಹೋಗುತ್ತದೆ. ಆ ಬೋಲ್ಟಿನ ತುದಿಯಲ್ಲಿ ಬಟಾಣಿಯಷ್ಟು ಮ್ಯಾಗ್ನೆಟ್ ಕೂರಿಸಿದ್ದರೆ ಅದೇ ಮ್ಯಾಗ್ನೆಟ್ ಬೋಲ್ಟ್. ಕೆಲವು ಗಾಡಿಗೆ ಕಂಪನಿಯಿಂದಲೇ ಬರುತ್ತದೆ. ಇಲ್ಲದಿದ್ದರೆ ಪುಣೆಯ ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ.

ಇಂಜಿನ್ ಒಳಗೆ ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಉಜ್ಜುತ್ತದೆ, ಚೈನು ಚಕ್ರದ ಹಲ್ಲಿಗೆ ಉಜ್ಜುತ್ತದೆ. ಆಯಿಲ್ ಎಷ್ಟೇ ಇರಲಿ, ಚೂರುಪಾರು ಸವೆಯಲೇಬೇಕು. ಆ ಪುಡಿ ಆಯಿಲ್‌ಗೆ ಸೇರುತ್ತದೆ. ಫಿಲ್ಟರ್ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅದರ ಕಾಲುಭಾಗಕ್ಕಿಂತ ಸಣ್ಣ ಪುಡಿಯಾದರೆ ಸಾಧಾರಣ ಫಿಲ್ಟರ್ ಕಾಗದದಿಂದ ಸಾಕಷ್ಟು ಪಾಲು ತೂರಿಹೋಗುತ್ತದೆ. ಬೋಲ್ಟಿನ ಹತ್ತಿರ ಬಂದ ಕಬ್ಬಿಣವನ್ನು, ಅದೆಷ್ಟೇ ಸಣ್ಣದಿರಲಿ, ಮ್ಯಾಗ್ನೆಟ್ ಹಿಡಿದು ಕೂರಿಸಿಕೊಳ್ಳುತ್ತದೆ. ಮುಂದಿನ ಸರ್ವಿಸ್‌ನಲ್ಲಿ ಬೋಲ್ಟ್ ಬಿಚ್ಚಿದಾಗ ಮೂರು ತಿಂಗಳ, ಆರು ತಿಂಗಳ ಸುದ್ದಿ ಅದರ ಮೂತಿಯ ಮೇಲೇ ಇರುತ್ತದೆ. ಮೆಕ್ಯಾನಿಕ್ ಏನು ಮಾಡುತ್ತಾನೆ? ವೇಸ್ಟ್ ಬಟ್ಟೆ ತಗೊಂಡು ಒಂದೇ ಸಲ ಒರೆಸಿಬಿಡುತ್ತಾನೆ! ನಾನೂ ಹಾಗೇ ಒರೆಸಿದವನು, ವರ್ಷಗಟ್ಟಲೆ.

ನನಗೆ ಬುದ್ಧಿ ಬಂದ ಕಥೆ ಹೇಳುತ್ತೇನೆ. ಇಂಡಿ ತಾಲ್ಲೂಕಿನ ಹುಡುಗ ಒಬ್ಬ, ಪುಣೆ-ಮುಂಬಯಿ ಟ್ಯಾಕ್ಸಿ ಓಡಿಸುತ್ತಾನೆ. ದಿನಾ ಖಂಡಾಳದ ಘಾಟ್ ಹತ್ತಿ ಇಳಿಯುವ ಗಾಡಿ. ಯಾರೋ ಹೇಳಿದರಂತೆ, ಫಿಲ್ಟರಿಗೆ ಮ್ಯಾಗ್ನೆಟ್ ಅಂಟಿಸಿದರೆ ಇಂಜಿನ್ ಆಯಸ್ಸು ಡಬಲ್ ಅಂತ. ಇವನು ಭಾನುವಾರ ಹಳೇ ಸಾಮಾನಿನ ಸಂತೆ ಜೂನಾ ಬಜಾರಿಗೆ ಹೋಗಿ ಒಡೆದ ಸ್ಪೀಕರಿನ ಕಪ್ಪು ಬಳೆ ಮ್ಯಾಗ್ನೆಟ್ ತಂದು ಫಿಲ್ಟರಿನ ತಲೆಗೆ ಕೂರಿಸಿದ. ಮೂರು ತಿಂಗಳು ಬಿಟ್ಟು ನನ್ನ ಗ್ಯಾರೇಜಿಗೆ ಬಂದ. "ಕಾಕಾ, ಫಿಲ್ಟರ್ ಕೊಯ್ದು ನೋಡೋಣ್ರಿ, ಏನ್ ಹಿಡದೈತಿ ಅಂತ."

ನನಗೂ ಕುತೂಹಲ. ವೈಸ್‌ಗೆ ಬಿಗಿದು ಹ್ಯಾಕ್ಸಾ ಬ್ಲೇಡಿನಿಂದ ಸುತ್ತಲೂ ಕೊಯ್ದೆ. ತೆಗೆದು ನೋಡಿದರೆ ಮ್ಯಾಗ್ನೆಟ್ ಇದ್ದ ಜಾಗದಲ್ಲಿ ಥಳಥಳ ಹೊಳೆಯುವ ಚೂರುಗಳು, ಗಡ್ಡದ ಕೂದಲಿನ ಹಾಗೆ ನೆಟ್ಟಗೆ ನಿಂತಿವೆ. ನನ್ನ ಎದೆ ಧಸಕ್ ಅಂತು. "ತಮ್ಮಾ, ಬೇರಿಂಗ್ ಗೀರಿಂಗ್ ಅಲ್ಲ, ಒಳಗೆ ದೊಡ್ಡದೇ ಏನೋ ತಿಂದಿದೆ, ಇಂಜಿನ್ ಬಿಚ್ಚಬೇಕು" ಅಂದೆ. ಪಾಪ, ಅವನ ಮುಖ ನೋಡಬೇಕಿತ್ತು. ಹದಿನೈದು ದಿನದ ಬಾಡಿಗೆ ಹೋಯಿತು ಅಂತ ಅಲ್ಲೇ ಟಯರಿನ ಮೇಲೆ ಕೂತುಬಿಟ್ಟ. ಊರಿಗೆ ಫೋನ್ ಹಚ್ಚಿ, ಮನೆಯವರಿಗೆ ಈ ತಿಂಗಳು ದುಡ್ಡು ಕಳಿಸೋದು ಆಗೋದಿಲ್ಲ ಅಂತಲೂ ಹೇಳಿದ. ನಾನು ಖರ್ಚಿನ ಲೆಕ್ಕ ಬರೆಯತೊಡಗಿದೆ.

ನಮ್ಮಲ್ಲಿ ಪಾನಾ, ಅಂದರೆ ಸ್ಪ್ಯಾನರ್ ಎತ್ತಿಕೊಡುವ ಹುಡುಗ ಇದ್ದ, ಹದಿನೆಂಟು ತುಂಬಿತ್ತೋ ಇಲ್ಲವೋ. ಒಂದು ಚೂರನ್ನು ಉಗುರಿನ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದ. "ಕಾಕಾ, ಇದರ ಒಂದು ಮಗ್ಗುಲಿಗೆ ನೀಲಿ ಬಣ್ಣ ಐತಲ್ರಿ. ಇಂಜಿನ್ ಒಳಗ ಯಾರು ಬಣ್ಣ ಹಚ್ಯಾರ?"

ನೀಲಿ ಬಣ್ಣ ಫಿಲ್ಟರ್ ಡಬ್ಬಿಯದು! ನಾನು ಹ್ಯಾಕ್ಸಾದಲ್ಲಿ ಕೊಯ್ದಾಗ ಉದುರಿದ ತಗಡಿನ ಪುಡಿಯೇ ಒಳಗೆ ಬಿದ್ದು ಅಂಟಿತ್ತು. ಆ ಹೊಳೆಯುವ ಗಡ್ಡವನ್ನು ಮೆಲ್ಲಗೆ ಸರಿಸಿ, ಕೆಳಗಿನದನ್ನು ಬೆರಳಿಗೆ ತಗೊಂಡು ಉಜ್ಜಿದೆ. ಕಪ್ಪು, ಮೆತ್ತಗೆ, ಥೇಟ್ ಕಾಡಿಗೆ. ಅದು ನಿತ್ಯದ ಸವೆತ, ಪೂರಾ ಆರೋಗ್ಯ. ಆ ದಿನದ ಚಹಾ, ಭಜಿ ಎಲ್ಲ ನನ್ನ ಖರ್ಚು. ಆಮೇಲೆ ಫಿಲ್ಟರ್ ಕೊಯ್ಯಲು ಡಬ್ಬಿ ಮುಚ್ಚಳ ತೆಗೆಯುವ ಹಾಗೆ ಸುತ್ತಿ ಕತ್ತರಿಸುವ ಕಟರ್ ತಂದೆ. ಅದರಲ್ಲಿ ಪುಡಿ ಬೀಳುವುದಿಲ್ಲ.

ಅಯ್ಯೋ, ಎರಡೇ ನಿಮಿಷ ಉಳಿದಿದೆಯಂತೆ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ.

ಬೋಲ್ಟಿನ ಮ್ಯಾಗ್ನೆಟ್‌ಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯ ಹಾಗಿದ್ದರೆ ಒರೆಸಿ, ಮತ್ತೆ ಹಾಕಿ. ಹೊಸ ಗಾಡಿಯ ಮೊದಲ ಆಯಿಲ್‌ನಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತದೆ, ಗಾಬರಿ ಬೇಡ. ರವೆಯ ಹಾಗೆ ಗರಗರ ಅಂದರೆ, ಸೂಜಿಯಂಥ ಚೂರು ಸಿಕ್ಕರೆ, ಕಾಗದದಲ್ಲಿ ಕಟ್ಟಿಟ್ಟು ತಿಳಿದವರಿಗೆ ತೋರಿಸಿ. ವಿಮಾನ, ಹೆಲಿಕಾಪ್ಟರ್ ಇಂಜಿನ್‌ನಲ್ಲೂ ಇದೇ ಉಪಾಯ. ಮ್ಯಾಗ್ನೆಟ್‌ಗೆ ಕಬ್ಬಿಣದ ಚೂರು ಅಂಟಿ ಕರೆಂಟಿನ ಎರಡು ತುದಿ ಕೂಡಿಸಿದರೆ ಪೈಲಟ್ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ನಮಗೆ ದೀಪ ಇಲ್ಲ, ಕಣ್ಣಿದೆ.

ಇನ್ನು, ಮ್ಯಾಗ್ನೆಟ್ ಕಬ್ಬಿಣ, ಉಕ್ಕನ್ನಷ್ಟೇ ಹಿಡಿಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಬೇರಿಂಗಿನ ಪದರ ತಾಮ್ರ, ತವರ, ಅಲ್ಯೂಮಿನಿಯಂ. ರಸ್ತೆಯ ಧೂಳಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಇಳಿಸಿದ ಆಯಿಲ್ ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಪುಡಿ ಕಂಡು, ಅದು ಮ್ಯಾಗ್ನೆಟ್ ಕಡೆ ಬಾರದಿದ್ದರೆ ಅದೂ ಸುದ್ದಿಯೇ. ಮ್ಯಾಗ್ನೆಟ್ ಇದೆ ಅಂತ ಆಯಿಲ್ ಬದಲಿಸೋದು ಮುಂದೂಡುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಚಿಕ್ಕದಿದ್ದರೂ ಬಿಗಿಯಾಗಿ ಹಿಡಿಯುವ ಸಾದಾ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಇಂಜಿನ್ ಆಯಿಲ್ 100ರ ಆಸುಪಾಸು ಕಾಯುತ್ತದೆ. ಆಟಿಕೆಯ ಮ್ಯಾಗ್ನೆಟ್ ಗೋಂದಿನಲ್ಲಿ ಅಂಟಿಸಿ ಒಳಗೆ ಬಿಡಬೇಡಿ, ಕಳಚಿಕೊಂಡರೆ ಅದೇ ಹೊಸ ರೋಗ. ಬೋಲ್ಟ್ ಹಾಕುವಾಗ ವಾಷರ್ ಹೊಸದಿರಲಿ. ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ ಜೋರು ತೋರಿಸಬೇಡಿ, ಥ್ರೆಡ್ ಹೋಗುತ್ತದೆ. ಗೇರ್‌ಬಾಕ್ಸ್ ಬಗ್ಗೆ ಹೇಳೋಕೆ ಬಹಳ ಇತ್ತು, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಸರ್ವಿಸ್‌ಗೆ ಹೋದಾಗ ಗಾಡಿಯ ಹತ್ತಿರವೇ ನಿಂತುಕೊಳ್ಳಿ. ಹುಡುಗ ವೇಸ್ಟ್ ಬಟ್ಟೆಗೆ ಕೈ ಹಾಕಿದ ಅಂದರೆ ಮರಾಠಿಯಲ್ಲೇ ಹೇಳಿ, "ದಾದಾ, ಬೋಲ್ಟ್ ಪುಸೂ ನಕಾ." ಅಣ್ಣಾ, ಬೋಲ್ಟ್ ಒರೆಸಬೇಡಿ ಅಂತ. ಇಂಡಿಯ ಆ ಹುಡುಗ ಈಗಲೂ ಪ್ರತಿ ಸರ್ವಿಸ್‌ಗೆ ಬೋಲ್ಟಿನ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ನಾನು ಊಟಕ್ಕೆ ಕೂತ ಹೊತ್ತಿಗೇ ಬರುತ್ತದೆ. ನಮಸ್ಕಾರ.