ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಬಳಕೆದಾರ ಕೊಡುವ ಮೌಲ್ಯದಲ್ಲೇ ಡೇಟಾಬೇಸ್‌ಗೆ ಆಜ್ಞೆ ತುರುಕುವ ದಾಳಿ, ಅಂದ ಕೂಡಲೇ ಅರ್ಧ ಜನ ಫೋನ್ ಕೈಗೆ ತಗೊಳ್ಳುತ್ತೀರಿ ಅಂತ ಗೊತ್ತು. 1998ರಿಂದ ಚರ್ಚೆಯಲ್ಲಿರುವ ವಿಷಯ, ಹಳಸಲು ಅನ್ನಿಸುವುದು ಸಹಜ. ಬಳಕೆದಾರ ಕೊಟ್ಟಿದ್ದನ್ನು ಕ್ವೆರಿಗೆ (ಡೇಟಾಬೇಸ್‌ಗೆ ಕಳಿಸುವ ಆಜ್ಞೆಗೆ) ನೇರವಾಗಿ ಅಂಟಿಸಬೇಡಿ, ಮೌಲ್ಯದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಇದು ಎಲ್ಲರಿಗೂ ಬಾಯಿಪಾಠ ಅಲ್ವಾ?

ಮಾತೇನೋ ಸರಿ. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸಿದ ಕೋಡ್‌ಗೂ ತೂತು ಬೀಳಬಹುದು. 2024ರ ಫೆಬ್ರವರಿಯಲ್ಲಿ ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್ (ಆ್ಯಪ್ ಮತ್ತು ಡೇಟಾಬೇಸ್ ನಡುವಿನ ಕೊಂಡಿ) ಪಿಜಿಜೆಡಿಬಿಸಿಯಲ್ಲಿ ಅಂಥದ್ದೊಂದು ಹೊರಬಂತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-1597 ಅಂತ ಅದರ ನಂಬರ್. ತೂತು ಇದ್ದದ್ದು ನಿಮ್ಮ ಕೋಡ್‌ನಲ್ಲಲ್ಲ, ಡ್ರೈವರ್‌ನಲ್ಲೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಸಾಮಾನ್ಯವಾಗಿ ಡ್ರೈವರ್ ಏನು ಮಾಡುತ್ತದೆ? ಕ್ವೆರಿಯನ್ನು ಒಂದು ಕಡೆ, ಮೌಲ್ಯಗಳನ್ನು ಇನ್ನೊಂದು ಕಡೆ, ಬೇರೆ ಬೇರೆಯಾಗಿ ಸರ್ವರ್‌ಗೆ ಕಳಿಸುತ್ತದೆ. ಮೌಲ್ಯ ಏನೇ ಇರಲಿ, ಅದು ಕ್ವೆರಿಯ ಭಾಗ ಆಗುವುದೇ ಇಲ್ಲ. ಆದರೆ ಈ ಡ್ರೈವರ್‌ನಲ್ಲಿ 'ಸಿಂಪಲ್' ಅಂತ ಇನ್ನೊಂದು ಮೋಡ್ ಇದೆ. ಅದರಲ್ಲಿ ಡ್ರೈವರ್ ತಾನೇ ಕೂತು ಪ್ರಶ್ನಾರ್ಥಕ ಚಿಹ್ನೆ ಇದ್ದ ಕಡೆ ಮೌಲ್ಯವನ್ನು ತುಂಬಿ, ಒಂದೇ ಸ್ಟ್ರಿಂಗ್ ಮಾಡಿ ಕಳಿಸುತ್ತದೆ. ಅಂದರೆ ನಮಗೆ ಬೇಡ ಅಂತ ಹೇಳಿಕೊಟ್ಟ ಅಂಟಿಸುವ ಕೆಲಸವನ್ನೇ ನಮ್ಮ ಬೆನ್ನ ಹಿಂದೆ ಅದು ಮಾಡುತ್ತದೆ!

ಈಗ ಒಂದು ಕ್ವೆರಿ ನೋಡಿ. ವೇರ್ ಭಾಗ (ಯಾವ ಸಾಲುಗಳು ಬೇಕು ಅನ್ನುವ ಷರತ್ತು) ಮಾತ್ರ ಬರೆಯುತ್ತೇನೆ, ಅದೂ ಕನ್ನಡದಲ್ಲೇ:

ಬಾಕಿ = -? ಮತ್ತು ಹೆಸರು = ?

ಮೊದಲನೆಯದಕ್ಕೆ -5 ಕೊಟ್ಟರು ಅಂದುಕೊಳ್ಳಿ. ಕ್ವೆರಿಯಲ್ಲಿ ಒಂದು ಮೈನಸ್, ಮೌಲ್ಯದಲ್ಲಿ ಇನ್ನೊಂದು. ಎರಡೂ ಪಕ್ಕಪಕ್ಕ ಬಂದು --5 ಆಯಿತು. ಎಸ್‌ಕ್ಯೂಎಲ್‌ನಲ್ಲಿ ಎರಡು ಮೈನಸ್ ಅಂದರೆ ಕಾಮೆಂಟ್, ಆ ಸಾಲಿನ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ. ಹೆಸರಿನ ಶುರುವಿನಲ್ಲಿ ಡ್ರೈವರ್ ಹಾಕಿದ ಕೋಟ್ ಚಿಹ್ನೆ ಇದೆಯಲ್ಲ, ಅದೂ ಕಾಮೆಂಟ್ ಒಳಗೇ ಹೋಯಿತು. ಇನ್ನು ಹೆಸರಿನ ಜಾಗದಲ್ಲಿ ಮೊದಲು ಒಂದು ಹೊಸ ಸಾಲು, ಆಮೇಲೆ 0 ಅಥವಾ 1=1 -- ಅಂತ ಕೊಟ್ಟರೆ, ಸರ್ವರ್‌ಗೆ ಹೋಗುವುದು ಹೀಗೆ:

ಬಾಕಿ = --5 ಮತ್ತು ಹೆಸರು = '
0 ಅಥವಾ 1=1 --'

ಮೊದಲ ಸಾಲಿನಲ್ಲಿ ಉಳಿದದ್ದು 'ಬಾಕಿ =' ಅಷ್ಟೇ. ಅದಕ್ಕೆ ಎರಡನೇ ಸಾಲಿನ 0 ಸೇರಿ 'ಬಾಕಿ = 0 ಅಥವಾ 1=1' ಆಯಿತು. 1=1 ಯಾವಾಗಲೂ ನಿಜ, ಹಾಗಾಗಿ ಟೇಬಲ್ ಪೂರ್ತಿ ಹೊರಗೆ ಬಂತು. ಗಮನಿಸಿ, ದಾಳಿಕೋರ ಕೊಟ್ಟ ಹೆಸರಿನಲ್ಲಿ ಒಂದೇ ಒಂದು ಕೋಟ್ ಚಿಹ್ನೆ ಇಲ್ಲ. ಎಸ್ಕೇಪ್ ಮಾಡೋಣ (ಕೋಟ್ ಚಿಹ್ನೆಯನ್ನು ಬರೀ ಅಕ್ಷರವಾಗಿಸೋಣ) ಅಂದರೆ ಮಾಡಲಿಕ್ಕೆ ಏನೂ ಇಲ್ಲ! ಇಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು (ಇಷ್ಟ ಅನ್ನಬಾರದೇನೋ) ಇದೇ.

ಮೈನಸ್ ಮತ್ತು ಪ್ರಶ್ನಾರ್ಥಕದ ನಡುವೆ ಒಂದು ಸ್ಪೇಸ್ ಇದ್ದಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಎರಡೂ ಮೌಲ್ಯ ಒಂದೇ ಸಾಲಿನಲ್ಲಿ ಇರಬೇಕು, ಮೋಡ್ ಬೇರೆ ಬದಲಿಸಿರಬೇಕು. ಇಷ್ಟೆಲ್ಲ ಷರತ್ತು ಇದ್ದರೂ ತೀವ್ರತೆಗೆ 10ಕ್ಕೆ 10 ಅಂಕ ಕೊಟ್ಟಿದ್ದರು. ನನ್ನ ಪ್ರಕಾರ ಅದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಸಿಂಪಲ್ ಮೋಡ್ ಯಾರೂ ಬಳಸಲ್ಲ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಕೆಲವೇ ಡೇಟಾಬೇಸ್ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್‌ನ ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಸರಿಯಾಗಿ ನಡೆಯದೆ ಎರರ್ ಬರುತ್ತಿತ್ತು, 2023ರ 1.21 ಆವೃತ್ತಿಯಲ್ಲಿ ಅದಕ್ಕೆ ಬೆಂಬಲ ಬಂತು. ಅದಕ್ಕೆ ಮುಂಚೆ ಎರರ್ ಹೋದರೆ ಸಾಕಪ್ಪಾ ಅಂತ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಈ ಮೋಡ್ ಹಾಕಿಕೊಂಡವರು, ಆಮೇಲೆ ಅದನ್ನು ತೆಗೆಯಲು ಮರೆತಿರಬಹುದು.

ಪರಿಹಾರ ಸಣ್ಣದೇ. ತುಂಬುವ ಮೌಲ್ಯಕ್ಕೆ ಆವರಣ ಹಾಕಿದರು. -(-5) ಅಂತ ಆದಾಗ ಕಾಮೆಂಟ್ ಹುಟ್ಟುವುದಿಲ್ಲ. ಡ್ರೈವರ್‌ನ 42.7.2 ಆವೃತ್ತಿಯಲ್ಲಿ ಇದು ಸರಿಯಾಯಿತು, ಹಳೆಯ ಆವೃತ್ತಿ ಸರಣಿಗಳಿಗೂ ತಿದ್ದಿದ ಬಿಡುಗಡೆ ಬಂತು. ಗೋ ಭಾಷೆಯ ಪೋಸ್ಟ್‌ಗ್ರೆಸ್ ಡ್ರೈವರ್ ಪಿಜಿಎಕ್ಸ್‌ನಲ್ಲೂ ಇದೇ ಮೈನಸ್ ಕಥೆ ಸಿಕ್ಕಿತು, 4.18.2ರಲ್ಲಿ ಸರಿಮಾಡಿದರು. ಪಿಜಿಎಕ್ಸ್‌ನದ್ದು ಇನ್ನೊಂದು ಮಜಾ ಇದೆ. ಸಂದೇಶದ ಗಾತ್ರ 4 ಜಿಬಿ ದಾಟಿದರೆ ಉದ್ದ ಬರೆಯುವ 32 ಬಿಟ್ ಸಂಖ್ಯೆ ಸುತ್ತಿ ಹೊಡೆದು ಚಿಕ್ಕದಾಗುತ್ತಿತ್ತು. ಆಗ ಉಳಿದ ಡೇಟಾವನ್ನು ಸರ್ವರ್ ಹೊಸ ಸಂದೇಶ ಅಂತಲೇ ಓದುತ್ತಿತ್ತು. ಅಂದರೆ ಬೇರೆಬೇರೆಯಾಗಿ ಕಳಿಸಿದರೂ ಅಳತೆ ತಪ್ಪಿದರೆ ಅದೇ ಗತಿ.

ಈಗ ನಿಮ್ಮ ಕಡೆ ಏನು ನೋಡಬೇಕು? ಡ್ರೈವರ್ ಆವೃತ್ತಿ ನೋಡಿ. ನೀವು ನೇರವಾಗಿ ಹಾಕಿಕೊಂಡಿದ್ದು ಮಾತ್ರ ಅಲ್ಲ, ಬೇರೆ ಲೈಬ್ರರಿ ತನ್ನ ಜೊತೆ ಎಳೆದು ತಂದಿರುವುದನ್ನೂ ನೋಡಿ. ಕಾಲಂ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆ ನಡೆಯಲ್ಲ, ಅದಕ್ಕೆ ಒಪ್ಪಿದ ಹೆಸರುಗಳ ಪಟ್ಟಿಯೇ ಬೇಕು. ಆಮೇಲೆ ಟೆಸ್ಟ್ ಸರ್ವರ್‌ನಲ್ಲಿ ಎಲ್ಲ ಸ್ಟೇಟ್‌ಮೆಂಟ್ ಲಾಗ್ ಆಗುವಂತೆ ಮಾಡಿ, ನಿಮ್ಮ ಆ್ಯಪ್‌ನಿಂದ ಒಂದು ಕ್ವೆರಿ ಓಡಿಸಿ. ಲಾಗ್‌ನಲ್ಲಿ ಕ್ವೆರಿ ಒಳಗೆ ಪ್ರಶ್ನಾರ್ಥಕ ಚಿಹ್ನೆಗಳ ಜಾಗದಲ್ಲಿ $1, $2 ಕಂಡು, ಮೌಲ್ಯಗಳು ಅದರ ಕೆಳಗಿನ ಸಾಲಿನಲ್ಲಿ ಬೇರೆಯಾಗಿ ಬಂದಿದ್ದರೆ ಡ್ರೈವರ್ ಎರಡನ್ನೂ ಬೇರೆಬೇರೆ ಕಳಿಸುತ್ತಿದೆ. ಮೌಲ್ಯ ಕ್ವೆರಿಯ ಮಧ್ಯದಲ್ಲೇ ಕೂತಿದ್ದರೆ, ಅದನ್ನು ಅಲ್ಲಿಗೆ ಅಂಟಿಸಿದ್ದು ಯಾರು ಅಂತ ಹುಡುಕಲು ಶುರುಮಾಡಿ.